ಪ್ರತಿ ಇಲಾಖೆಗೂ ಬೇರೆ ವೈರ್‌ಲೆಸ್ ಇದ್ದರೇ ಕ್ಷೇಮವೇ? ನೂರು ವರ್ಷ ಹಿಂದೆಯೇ ಲೆಕ್ಕ ಹಾಕಿದ್ದ ಎರ್ಲಾಂಗ್

ಮಳೆಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಕಾಪುವಿನಲ್ಲಿ ಹೆದ್ದಾರಿಗೆ ಮರ ಉರುಳಿದೆ. ಉಡುಪಿಯ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದೆ. ಕಾರ್ಕಳದಿಂದ ಹೊರಟ ಆಂಬುಲೆನ್ಸ್ ಹಿರಿಯಡಕ, ಪರ್ಕಳ ದಾಟಿ ಮಣಿಪಾಲ ಸೇರಬೇಕು. ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಸಿಬ್ಬಂದಿ ಎಲ್ಲರಿಗೂ ಒಂದೇ ಹೊತ್ತಿಗೆ ವೈರ್‌ಲೆಸ್ ಬೇಕು.

ಪ್ರತಿ ಇಲಾಖೆಗೂ ಅದರದ್ದೇ ಚಾನೆಲ್ ಇದ್ದರೆ ಮಾತ್ರ ಕರೆ ಸಿಗುತ್ತದೆ, ಹಂಚಿಕೊಂಡರೆ ಕೈಕೊಡುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಅನ್ನಿಸುತ್ತದೆ. ಇದು ನಿಜವೇ? ಉತ್ತರ ಹುಡುಕುತ್ತಾ ಹೋದರೆ ಸಿಗುವುದು ಡೆನ್ಮಾರ್ಕಿನ ಒಬ್ಬ ಶಾಲಾ ಮೇಷ್ಟ್ರ ಮಗ. ಹೆಸರು ಅಗ್ನರ್ ಕ್ರಾರುಪ್ ಎರ್ಲಾಂಗ್. ದೂರಸಂಪರ್ಕ ಎಂಜಿನಿಯರಿಂಗ್ ಓದಿದ ಯಾರನ್ನು ಕೇಳಿದರೂ ಈ ಹೆಸರು ಹೇಳುತ್ತಾರೆ.

ಮೇಷ್ಟ್ರ ಮನೆಯ ಹುಡುಗ

ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಶಾಲೆಯ ಮೇಷ್ಟ್ರು. ಸಂಜೆ ಅಣ್ಣ ಪುಸ್ತಕ ಹಿಡಿದು ಕುಳಿತರೆ, ತಮ್ಮ ಮೇಜಿನ ಆಚೆ ಬದಿಯಲ್ಲಿ ಕುಳಿತು ಅದೇ ಪುಸ್ತಕವನ್ನು ತಲೆಕೆಳಗಾಗಿ ಓದುತ್ತಿದ್ದನಂತೆ. 14ನೇ ವಯಸ್ಸಿಗೇ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸು. ವಯಸ್ಸು ಸಾಲದ ಕಾರಣ ಪರೀಕ್ಷೆಗೆ ಕೂರಲು ವಿಶೇಷ ಅನುಮತಿ ಪಡೆಯಬೇಕಾಯಿತು. ಆಮೇಲೆ ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲೇ ಪಾಠ ಮಾಡಿದರು.

1901ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪದವಿ ಪಡೆದು, ಮುಂದಿನ ಏಳು ವರ್ಷ ಶಾಲೆಗಳಲ್ಲಿ ಪಾಠ ಹೇಳಿದರು. ಗಣಿತಜ್ಞರ ಸಂಘದ ಸಭೆಗಳಲ್ಲಿ ಅವರಿಗೆ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್ ಯೋಹಾನ್ ಯೆನ್ಸನ್ ಪರಿಚಯವಾದರು. ಅವರೂ ಗಣಿತಜ್ಞರೇ. ಆ ಪರಿಚಯದಿಂದ 1908ರಲ್ಲಿ ಎರ್ಲಾಂಗ್ ಆ ಕಂಪನಿ ಸೇರಿದರು.

ಅವರು ಕಚೇರಿಯಲ್ಲೇ ಕುಳಿತಿರಲಿಲ್ಲ. ಏಣಿ ಹೊತ್ತ ಕಾರ್ಮಿಕನೊಬ್ಬನನ್ನು ಜೊತೆಗೆ ಕರೆದುಕೊಂಡು ಬೀದಿಯ ಮ್ಯಾನ್‌ಹೋಲ್‌ಗಳಿಗೆ ಇಳಿದು ಕೇಬಲ್‌ಗಳ ಬಳಿ ವಿದ್ಯುತ್ ಅಳೆಯುತ್ತಿದ್ದರು. ಮದುವೆಯಾಗಲಿಲ್ಲ. ಪುಸ್ತಕ ಕೂಡಿಡುವ ಹುಚ್ಚಿತ್ತು, ಕಷ್ಟದಲ್ಲಿದ್ದವರಿಗೆ ಸದ್ದಿಲ್ಲದೆ ಸಹಾಯ ಮಾಡುತ್ತಿದ್ದರು.

ಎಷ್ಟು ಲೈನ್ ಬೇಕು?

ಕಂಪನಿಯ ಎದುರಿದ್ದದ್ದು ಸರಳ ಪ್ರಶ್ನೆ. ಊರಿನಲ್ಲಿ ನೂರಾರು ಫೋನ್‌ಗಳಿವೆ, ಆದರೆ ಎಲ್ಲರೂ ಒಟ್ಟಿಗೆ ಮಾತಾಡುವುದಿಲ್ಲ. ಹಾಗಾದರೆ ಎಷ್ಟು ಲೈನ್ ಎಳೆದರೆ ಸಾಕು? ಕಡಿಮೆಯಾದರೆ ಕರೆ ಸಿಗದು, ಹೆಚ್ಚಾದರೆ ಹಣ ದಂಡ. 1909ರಲ್ಲಿ ಎರ್ಲಾಂಗ್ ಈ ಬಗ್ಗೆ ಮೊದಲ ಪ್ರಬಂಧ ಬರೆದರು. ಲೈನ್‌ಗಳ ಸಂಖ್ಯೆ ಮತ್ತು ಮಾತಿನ ಪ್ರಮಾಣ ಗೊತ್ತಿದ್ದರೆ ಎಷ್ಟು ಕರೆ ಸಿಗುವುದಿಲ್ಲ ಎಂದು ಹೇಳುವ ಸೂತ್ರ 1917ರಲ್ಲಿ ಪ್ರಕಟವಾಯಿತು. ಬ್ರಿಟಿಷ್ ಅಂಚೆ ಇಲಾಖೆಯೂ ಅದನ್ನು ಬಳಸಿತು.

ನಮ್ಮ ಪ್ರಶ್ನೆಗೆ ಅದೇ ಸೂತ್ರ ಹಾಕಿ ನೋಡೋಣ. ಇವು ಅರ್ಥವಾಗಲೆಂದು ನಾವು ತೆಗೆದುಕೊಂಡ ಅಂಕಿಗಳು, ಯಾವುದೇ ಜಿಲ್ಲೆಯದ್ದಲ್ಲ.

ಮೂರು ಇಲಾಖೆಗಳಿವೆ, ಒಂದೊಂದಕ್ಕೂ 2 ಚಾನೆಲ್. ಪ್ರತಿ ಇಲಾಖೆಗೂ ಗಂಟೆಗೆ ಒಟ್ಟು 30 ನಿಮಿಷದಷ್ಟು ಮಾತಿದೆ. ಚಾನೆಲ್ ಬೇರೆ ಬೇರೆ ಇದ್ದರೆ 1000 ಕರೆಗಳಲ್ಲಿ ಸುಮಾರು 77 ಕರೆಗಳಿಗೆ ಚಾನೆಲ್ ಸಿಗುವುದಿಲ್ಲ. ಅದೇ 6 ಚಾನೆಲ್‌ಗಳನ್ನು ಒಟ್ಟು ಸೇರಿಸಿ ಮೂವರಿಗೂ ಕೊಟ್ಟರೆ? 1000ಕ್ಕೆ ನಾಲ್ಕು ಕರೆಯೂ ತಪ್ಪುವುದಿಲ್ಲ!

ಇದು ಮ್ಯಾಜಿಕ್ ಅಲ್ಲ. ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಮೂರು ಅಂಗಡಿಗಳು ತಮ್ಮ ಗಿರಾಕಿಗಳಿಗೆಂದೇ ಎರಡೆರಡು ಆಟೊ ಇಟ್ಟುಕೊಂಡಿವೆ ಅಂದುಕೊಳ್ಳಿ. ಒಂದು ಅಂಗಡಿಯ ಗಿರಾಕಿ ಕಾಯುತ್ತಿರುವಾಗಲೇ ಪಕ್ಕದ ಅಂಗಡಿಯ ಆಟೊ ಖಾಲಿ ನಿಂತಿರುತ್ತದೆ. ಆರೂ ಆಟೊ ಒಂದೇ ಸ್ಟ್ಯಾಂಡ್‌ನಲ್ಲಿದ್ದರೆ ಆ ತೊಂದರೆ ಇರುವುದಿಲ್ಲ. ಟ್ರಂಕ್ಡ್ ರೇಡಿಯೊ ಕೆಲಸ ಮಾಡುವುದು ಹೀಗೆಯೇ. ಬಟನ್ ಒತ್ತಿದ ಕೂಡಲೇ ಕಂಪ್ಯೂಟರ್ ಖಾಲಿ ಚಾನೆಲ್ ಹುಡುಕಿ ಕೊಡುತ್ತದೆ. ಮಾತು ಮುಗಿದರೆ ಅದು ಮತ್ತೊಬ್ಬರಿಗೆ. ಪ್ರತಿ ಇಲಾಖೆಗೂ ಅದರದ್ದೇ ಗುಂಪು ಇರುವುದರಿಂದ ಒಬ್ಬರ ಮಾತು ಇನ್ನೊಬ್ಬರ ಸೆಟ್‌ನಲ್ಲಿ ಸುಮ್ಮನೆ ಕೇಳಿಸುವುದಿಲ್ಲ.

ಆದರೆ ಆ ಭಯ ಪೂರ್ತಿ ಸುಳ್ಳಲ್ಲ

ಇನ್ನೊಂದು ಲೆಕ್ಕವನ್ನೂ ನೋಡಬೇಕು. ದುರಂತದ ಗಂಟೆಯಲ್ಲಿ ಪೊಲೀಸರ ಮಾತು ಮಾತ್ರ 9 ಪಟ್ಟು ಏರಿತು ಅಂದುಕೊಳ್ಳಿ. ಆಗ ಹಂಚಿಕೊಂಡ 6 ಚಾನೆಲ್‌ಗಳಲ್ಲಿ 1000ಕ್ಕೆ ಸುಮಾರು 229 ಕರೆಗಳು ತಪ್ಪುತ್ತವೆ. ಅದರಲ್ಲಿ ಆಂಬುಲೆನ್ಸ್ ಕರೆಗಳೂ ಇರುತ್ತವೆ. ತನ್ನದೇ 2 ಚಾನೆಲ್ ಇದ್ದಿದ್ದರೆ ಆಂಬುಲೆನ್ಸ್‌ನ ಪಾಲಿಗೆ ತಪ್ಪುತ್ತಿದ್ದುದು 77 ಮಾತ್ರ. ಆದರೆ ಬರೀ 2 ಚಾನೆಲ್ ಇದ್ದ ಪೊಲೀಸರ ಕರೆಗಳಲ್ಲಿ 648 ತಪ್ಪುತ್ತಿದ್ದವು.

ಅದಕ್ಕೇ ಬರೀ ಹಂಚಿಕೊಂಡರೆ ಸಾಲದು. ಟ್ರಂಕ್ಡ್ ವ್ಯವಸ್ಥೆಯಲ್ಲಿ ಆದ್ಯತೆ ನಿಗದಿ ಮಾಡಬಹುದು. ಚಾನೆಲ್ ಖಾಲಿ ಇಲ್ಲದಿದ್ದರೆ ಕರೆ ಸರದಿಯಲ್ಲಿ ನಿಲ್ಲುತ್ತದೆ, ತುರ್ತು ಬಟನ್ ಒತ್ತಿದವರ ಕರೆ ಮುಂದೆ ಹೋಗುತ್ತದೆ. ಟವರ್ ಅಥವಾ ವಿದ್ಯುತ್ ಕೈಕೊಟ್ಟರೆ ಎಲ್ಲರಿಗೂ ಒಟ್ಟಿಗೆ ತೊಂದರೆಯಾಗುತ್ತದೆ ಎಂಬುದೂ ನಿಜ. ಹಾಗಾಗಿ ಬ್ಯಾಟರಿ, ಜನರೇಟರ್ ಜೊತೆಗೆ ಟವರ್ ಇಲ್ಲದೆ ಸೆಟ್‌ನಿಂದ ಸೆಟ್‌ಗೆ ನೇರ ಮಾತಾಡುವ ಸೌಲಭ್ಯವೂ ಇರಲೇಬೇಕು.

ಹಂಚಿಕೆಯಿಂದ ಇನ್ನೊಂದು ಲಾಭವಿದೆ. ಬೇಕಾದಾಗ ಎಲ್ಲ ಇಲಾಖೆಗಳನ್ನೂ ಒಂದೇ ಗುಂಪಿಗೆ ಸೇರಿಸಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಕಾಪು ಸಮೀಪದ ಸಮುದ್ರದಲ್ಲಿ ಬಂಡೆಗಳ ನಡುವೆ ಸಿಲುಕಿದ ಟಗ್‌ನಿಂದ 9 ಮಂದಿಯನ್ನು ಉಳಿಸಲು ಕೋಸ್ಟ್ ಗಾರ್ಡ್ ದೋಣಿಯೂ ನೌಕಾಪಡೆಯ ಹೆಲಿಕಾಪ್ಟರೂ ಬೇಕಾದವು. ದೊಡ್ಡ ಅವಘಡ ಒಂದೇ ಇಲಾಖೆಯದ್ದಾಗಿ ಉಳಿಯುವುದಿಲ್ಲ. ಎರ್ಲಾಂಗ್ ಹುಟ್ಟಿದ ಡೆನ್ಮಾರ್ಕಿನಲ್ಲಿ ಈಗ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ದೇಶವ್ಯಾಪಿ ಒಂದೇ ರೇಡಿಯೊ ಜಾಲವಿದೆ.

ಹೆಸರು ಉಳಿಯಿತು

ಇಪ್ಪತ್ತು ವರ್ಷ ಅದೇ ಕಂಪನಿಯಲ್ಲಿ ದುಡಿದ ಎರ್ಲಾಂಗ್, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ 1929ರ ಫೆಬ್ರವರಿ 3ರಂದು ತೀರಿಕೊಂಡರು. ಆಗ ಅವರಿಗೆ 51 ವರ್ಷ. 1946ರಲ್ಲಿ ಅಂತಾರಾಷ್ಟ್ರೀಯ ದೂರವಾಣಿ ಸಮಿತಿ, ಮಾತಿನ ದಟ್ಟಣೆ ಅಳೆಯುವ ಏಕಮಾನಕ್ಕೆ ಅವರ ಹೆಸರನ್ನೇ ಇಟ್ಟಿತು. ಒಂದು ಚಾನೆಲ್ ಪೂರ್ತಿ ಒಂದು ಗಂಟೆ ಬಿಡುವಿಲ್ಲದೆ ಬಳಕೆಯಲ್ಲಿದ್ದರೆ ಅದು 1 ಎರ್ಲಾಂಗ್.

ಹಾಗಾದರೆ ವಾಸ್ತವ ಏನು?

ಪ್ರತಿ ಇಲಾಖೆಗೂ ಬೇರೆ ಚಾನೆಲ್ ಇದ್ದರೆ ಮಾತ್ರ ಸುರಕ್ಷಿತ ಎನ್ನುವುದು ತಪ್ಪು. ಹಂಚಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವುದೂ ತಪ್ಪು. ಆದ್ಯತೆ ಮತ್ತು ಬದಲಿ ವ್ಯವಸ್ಥೆ ಇರುವ ಹಂಚಿಕೆಯಲ್ಲಿ ಅಷ್ಟೇ ಚಾನೆಲ್‌ಗಳಿಂದ ಹೆಚ್ಚು ಕರೆಗಳು ಸಿಗುತ್ತವೆ.

ನಿಮ್ಮ ಕೈಯಲ್ಲಿರುವ ಮೊಬೈಲ್ ಕೂಡ ಹಂಚಿಕೊಂಡ ಜಾಲವೇ. ಉಡುಪಿಯ ಪರ್ಯಾಯದ ಜನಸಂದಣಿಯಲ್ಲಿ ಕರೆ ಸಿಗದಿದ್ದರೆ ಅದು ಎರ್ಲಾಂಗ್ ಲೆಕ್ಕವೇ. ಆದ್ದರಿಂದ ನೆರೆ, ಚಂಡಮಾರುತದ ಹೊತ್ತಿನಲ್ಲಿ ಕರೆ ಚಿಕ್ಕದಾಗಿರಲಿ, ಕ್ಷೇಮ ಸಮಾಚಾರ ಒಂದು ಸಾಲಿನ ಮೆಸೇಜ್‌ನಲ್ಲಿ ಮುಗಿಯಲಿ. ನೀವು ಬಿಟ್ಟುಕೊಟ್ಟ ಲೈನ್‌ನಲ್ಲಿ ಯಾರದ್ದೋ 112 ಕರೆ ಹೋಗಬಹುದು. ಇಷ್ಟನ್ನು ಧಾರಾಳವಾಗಿ ಫಾರ್ವರ್ಡ್ ಮಾಡಿ.