ಪರೇಲಿಗೆ ಹೆಸರು ತಂದ ವಾಲ್ಡೆಮಾರ್ ಹಾಫ್‌ಕಿನ್

ಕೊರೋನಾ ಲಸಿಕೆಯ ಮಾತು ಕೇಳದ ಮನೆ 2021ರಲ್ಲಿ ನಮ್ಮ ಚೆಂಬೂರಿನಲ್ಲಿ ಇರಲಿಲ್ಲ. ಇಲ್ಲಿಂದ ಅನತಿ ದೂರದ ಪರೇಲಿನ ಹಾಫ್‌ಕಿನ್ ಸಂಸ್ಥೆಯನ್ನು ಕಂಡವರು ಅನೇಕರು. ಆ ಹೆಸರಿನ ಹಿಂದಿನ ಬಾಳನ್ನು ಅರಿತವರು ವಿರಳ.

ಹಾಫ್‌ಕಿನ್ 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದರು. ಅವರ ಗುರು ಇಲ್ಯಾ ಮೆಚ್ನಿಕಾಫ್. 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದನ್ನು ಜೀವಕೋಶಗಳು ಮುತ್ತಿಕೊಂಡುದನ್ನು ಕಂಡ ಈ ವಿಜ್ಞಾನಿ, ಹೊರಗಿನಿಂದ ಬಂದ ಶತ್ರುವನ್ನು ನುಂಗುವ ಕಾವಲು ದೇಹಕ್ಕೆ ಹುಟ್ಟಿನಿಂದಲೇ ಇದೆಯೆಂದು ತೋರಿಸಿ 1908ರಲ್ಲಿ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು.

ವೈರಸ್ಸಿನ ಎದುರು ಈ ಕಾವಲು ಇನ್ನೂ ಸೂಕ್ಷ್ಮವಾದುದು. ವೈರಸ್ಸು ಹೊಕ್ಕ ಕೋಶವು ತನ್ನದಲ್ಲದ ಆರ್‌ಎನ್‌ಎಯ ಗುರುತು ಹಿಡಿದು, ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಇಂಟರ್‌ಫೆರಾನ್ ಪತ್ತೆಯಾದದ್ದು 1957ರಲ್ಲಿ. ಈ ಮೊದಲ ಕಾವಲು ಕಾದಾಡುತ್ತಿರುವಾಗ, ಆಯಾ ರೋಗಕ್ಕೇ ಮೀಸಲಾದ ಎರಡನೆಯ ಪಡೆ ಸಜ್ಜಾಗುತ್ತದೆ. ಆ ಪಡೆಗೆ ಶತ್ರುವಿನ ಪರಿಚಯವನ್ನು ಮುಂಚಿತವಾಗಿ ಮಾಡಿಕೊಡುವುದೇ ಲಸಿಕೆ.

ಶಿಷ್ಯ ಹಿಡಿದದ್ದು ಲಸಿಕೆಯ ದಾರಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ 1892ರಲ್ಲಿ ಕಾಲರಾ ಲಸಿಕೆಯನ್ನು ಸ್ವತಃ ಚುಚ್ಚಿಕೊಂಡ ಹಾಫ್‌ಕಿನ್, ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯನ್ನು ಪ್ಲೇಗು ಆವರಿಸಿದಾಗ ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮುಂದೆ ಭೈಕಳಾ ಜೈಲಿನಲ್ಲಿ ಅದರ ಪರೀಕ್ಷೆ ನಡೆಯಿತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಈ ಲಸಿಕೆ ಹಾಕಲಾಯಿತು. 1899ರಲ್ಲಿ ಪ್ರಯೋಗಾಲಯವು ಪರೇಲಿನ ಹಳೆಯ ಗವರ್ನರ್ ನಿವಾಸಕ್ಕೆ ಸ್ಥಳಾಂತರಗೊಂಡಿತು.

ಅನಂತರ ಬಂದುದು ಅಪವಾದದ ಕಾಲ. 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತರಾದರು. ಅವರೆಲ್ಲರಿಗೂ ಲಸಿಕೆ ಬಂದದ್ದು ಒಂದೇ ಸೀಸೆಯಿಂದ. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಆದರೂ ತಪ್ಪನ್ನು ಪ್ರಯೋಗಾಲಯದ ಮೇಲೆ ಹೊರಿಸಲಾಯಿತು. ಹಾಫ್‌ಕಿನ್ ಅಧಿಕಾರದಿಂದ ದೂರವಾದರು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರ ನಿಂತ ಮೇಲೆ, 1907ರಲ್ಲಿ ಕಳಂಕ ಅಳಿಯಿತು. ಅವರು ಭಾರತಕ್ಕೆ ಮರಳಿದರು. ಆದರೆ ತಾವು ಕಟ್ಟಿದ ಪರೇಲಿಗಲ್ಲ, ಕಲಕತ್ತೆಗೆ.

1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಅವರು ಕಣ್ಮುಚ್ಚಿದರು. ಯಾರದೋ ಊರಿನಲ್ಲಿ ಹುಟ್ಟಿ, ನಮ್ಮ ಊರಿನ ಜನರಿಗಾಗಿ ಮೊದಲು ತಮ್ಮ ಮೈಯನ್ನೇ ಒಡ್ಡಿದ ಈ ಮಹನೀಯರನ್ನು, ಪರೇಲಿನ ಹಾದಿಯಲ್ಲಿ ಸಾಗುವಾಗ ಮಕ್ಕಳಿಗೆ ಪರಿಚಯಿಸುವುದು ಮುಂಬಯಿಯಲ್ಲಿ ನೆಲೆ ಕಂಡ ನಮ್ಮ ಕರ್ತವ್ಯ.