ಸಂಸ್ಥಾನ ಮರಳಿತು, ಪ್ರಧಾನಗಿರಿ ದಕ್ಕಲಿಲ್ಲ: ರಾಣಿಯ ರಾಯಭಾರಿ ತಿರುಮಲರಾವ್

ಶ್ರೀರಂಗಪಟ್ಟಣ: ಮೈಸೂರು ಸಂಸ್ಥಾನದ ಪುನರ್‌ಸ್ಥಾಪನೆ ಎಂದೊಡನೆ ನೆನಪಾಗುವುದು 1799ನೇ ಇಸವಿ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ಪೂರ್ಣಯ್ಯ. ಆದರೆ ಅದಕ್ಕೂ ಎರಡು ದಶಕಗಳಿಗೂ ಹೆಚ್ಚು ಹಿಂದೆಯೇ ಆ ಉದ್ದೇಶಕ್ಕಾಗಿ ಹುಟ್ಟಿದ ನೆಲವನ್ನು ತೊರೆದು, ಪರಸ್ಥಳದಲ್ಲಿ ಕುಳಿತು ಇಂಗ್ಲಿಷರೊಡನೆ ಸಂಧಾನ ನಡೆಸಿದ ವ್ಯಕ್ತಿಯೊಬ್ಬರಿದ್ದರು. ಅವರೇ ಪ್ರಧಾನ ತಿರುಮಲರಾವ್. ಇತಿಹಾಸದ ಕೆಲವು ಬರಹಗಳಲ್ಲಿ ಅವರ ಹೆಸರು ತಿರುಮಲೈಯ್ಯಂಗಾರ್ ಎಂದೂ ಇದೆ.

ಸೆರೆಯಲ್ಲಿದ್ದ ಅರಮನೆ

1761ರಲ್ಲಿ ಹೈದರ್ ಅಲಿ ಮೈಸೂರಿನ ಅಧಿಕಾರವನ್ನು ಕೈವಶ ಮಾಡಿಕೊಂಡ ಬಳಿಕ ಒಡೆಯರ ವಂಶ ಹೆಸರಿಗೆ ಮಾತ್ರ ಸಿಂಹಾಸನದಲ್ಲಿತ್ತು. 1766ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರ್ ತೀರಿಕೊಂಡ ಮೇಲೆ ಅರಮನೆಯ ಹಿತ ಕಾಯುವ ಹೊಣೆ ರಾಣಿ ಲಕ್ಷ್ಮಮ್ಮಣ್ಣಿಯವರ ಹೆಗಲೇರಿತು. ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾವಲಿನಲ್ಲಿದ್ದ ಅವರಿಗೆ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಹೊರಗಿನ ಶಕ್ತಿಯೊಂದರ ನೆರವನ್ನು ಗುಟ್ಟಾಗಿ ಪಡೆಯುವುದಷ್ಟೇ ಉಳಿದಿದ್ದ ದಾರಿ.

ಆ ಕಾರ್ಯಕ್ಕೆ ರಾಣಿಯವರು ನೆಚ್ಚಿಕೊಂಡದ್ದು ಶ್ರೀವೈಷ್ಣವ ಮನೆತನದ ತಿರುಮಲರಾವ್ ಮತ್ತು ಅವರ ಸಹೋದರ ನಾರಾಯಣರಾವ್ ಅವರನ್ನು. ಸಿಕ್ಕಿಬಿದ್ದರೆ ತಮಗೆ ಮಾತ್ರವಲ್ಲದೆ ಊರಿನಲ್ಲಿ ಉಳಿದ ಬಂಧುಗಳಿಗೂ ಆಪತ್ತು ತಪ್ಪಿದ್ದಲ್ಲ ಎಂಬ ಅರಿವಿನಲ್ಲೇ ತಿರುಮಲರಾವ್ ಹೈದರನ ಸೀಮೆಯನ್ನು ದಾಟಿದರು.

ಅವರ ಮೊದಲ ಪ್ರಯತ್ನ ಮದ್ರಾಸಿನ ಗವರ್ನರ್ ಲಾರ್ಡ್ ಪಿಗಟ್ ಬಳಿ ನಡೆಯಿತು. ಆರ್ಕಾಟಿನ ನವಾಬನ ವಶವಾಗಿದ್ದ ತಂಜಾವೂರನ್ನು 1776ರಲ್ಲಿ ಅಲ್ಲಿನ ರಾಜನಿಗೆ ಮರಳಿಸಿದವನು ಇದೇ ಪಿಗಟ್. ರಾಜ್ಯ ಕಳೆದುಕೊಂಡ ಮೈಸೂರಿನ ಮನೆತನಕ್ಕೆ ಇದಕ್ಕಿಂತ ಭರವಸೆಯ ಸಂಗತಿ ಬೇರೊಂದಿರಲಾರದು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಪಿಗಟ್‌ನನ್ನು ಆತನ ಕೌನ್ಸಿಲ್ ಸದಸ್ಯರೇ ಬಂಧಿಸಿದರು. 1777ರಲ್ಲಿ ಆತ ಬಂಧನದಲ್ಲೇ ಅಸುನೀಗಿದ. ತಿರುಮಲರಾವ್ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು.

ತಂಜಾವೂರಿನ ಒಪ್ಪಂದ

1780ರಲ್ಲಿ ಹೈದರ್ ಕರ್ನಾಟಿಕ್ ಪ್ರಾಂತದ ಮೇಲೆ ದಂಡೆತ್ತಿ ಹೋದಾಗ ಇಂಗ್ಲಿಷರು ಕಂಗೆಟ್ಟರು. ಅಲ್ಲಿಯವರೆಗೆ ಕಿವಿಗೊಡದವರಿಗೆ ರಾಣಿಯ ದೂತರ ಮಾತು ಪ್ರಯೋಜನಕಾರಿಯಾಗಿ ಕಂಡಿತು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಕಂಪನಿಯ ರೆಸಿಡೆಂಟ್ ಜಾನ್ ಸಲಿವನ್ ಮತ್ತು ತಿರುಮಲರಾವ್ ನಡುವೆ ಒಪ್ಪಂದ ಏರ್ಪಟ್ಟಿತು.

ಹೈದರನಿಂದ ಗೆದ್ದುಕೊಳ್ಳುವ ಮೈಸೂರು ಸೀಮೆಯನ್ನು ಒಡೆಯರ ವಂಶಕ್ಕೆ ಒಪ್ಪಿಸುವುದು, ಅದಕ್ಕೆ ಪ್ರತಿಯಾಗಿ ಒಂದೊಂದು ಹಂತದ ಗೆಲುವಿಗೆ ಇಂತಿಷ್ಟೆಂದು ಕಂಪನಿಗೆ ಹಣ ಸಲ್ಲಿಸುವುದು ಅದರ ತಿರುಳು. ಸಂಧಾನಕ್ಕಾಗಿ ಸರ್ವಸ್ವವನ್ನೂ ಪಣಕ್ಕಿಟ್ಟ ಸಹೋದರರಿಗೆ ವಂಶಪಾರಂಪರ್ಯ ಪ್ರಧಾನಗಿರಿ ಹಾಗೂ ಕಂದಾಯದಲ್ಲಿ ಹತ್ತನೇ ಒಂದು ಪಾಲಿನ ಭರವಸೆಯೂ ದೊರೆಯಿತು. ಒಂದಡಿ ನೆಲವೂ ಕೈಯಲ್ಲಿಲ್ಲದ ರಾಣಿಯೊಬ್ಬರನ್ನು ಕಂಪನಿ ರಾಜ್ಯದ ನ್ಯಾಯವಾದ ಒಡತಿಯೆಂದು ಪರಿಗಣಿಸಿದ್ದೇ ತಿರುಮಲರಾವ್ ಅವರ ರಾಜತಾಂತ್ರಿಕ ಬದುಕಿನ ದೊಡ್ಡ ಗೆಲುವು.

ಒಪ್ಪಂದವಾದ 40 ದಿನಗಳಿಗೆ, ಡಿಸೆಂಬರ್ 7ರಂದು ಹೈದರ್ ನಿಧನನಾದ. 1783ರಲ್ಲಿ ಇಂಗ್ಲಿಷ್ ಸೇನೆ ದಕ್ಷಿಣದಿಂದ ಮುನ್ನಡೆದು ಕರೂರು, ದಿಂಡಿಗಲ್ ಕೋಟೆಗಳನ್ನು ಗೆದ್ದಿತು. ನವೆಂಬರ್ ವೇಳೆಗೆ ಕರ್ನಲ್ ಫುಲ್ಲರ್ಟನ್ ಪಾಲ್ಘಾಟ್ ಮತ್ತು ಕೊಯಮತ್ತೂರನ್ನು ವಶಪಡಿಸಿಕೊಂಡು ಶ್ರೀರಂಗಪಟ್ಟಣದ ಹಾದಿ ನೋಡುತ್ತಿದ್ದ.

ಅದೇ ವರ್ಷದ ಜುಲೈನಲ್ಲಿ ಟಿಪ್ಪು ಮಂಗಳೂರಿನ ಮುತ್ತಿಗೆಯಲ್ಲಿದ್ದಾಗ, ಒಡೆಯರ ಪರವಾಗಿ ರಾಜಧಾನಿಯನ್ನು ಹಿಡಿಯುವ ಸಂಚೊಂದು ಕೋಟೆಯೊಳಗೇ ರೂಪುಗೊಂಡಿತ್ತು. ಅಂಚೆ ಶಾಮಯ್ಯ ಅದರ ಮುಂದಾಳು. ಕೊನೆಯ ಗಳಿಗೆಯಲ್ಲಿ ಸಂಚು ಬಯಲಾಗಿ ಹಲವರು ಪ್ರಾಣ ತೆತ್ತರು.

ಇಂತಿರುವಾಗ ಕಂಪನಿ ರಾಜಿಯ ಹಾದಿ ಹಿಡಿಯಿತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಂತೆ ಗೆದ್ದ ಕೋಟೆಗಳೆಲ್ಲ ಟಿಪ್ಪುವಿಗೆ ಮರಳಿದವು. ಅದರಲ್ಲಿ ರಾಣಿಯ ಪ್ರಸ್ತಾಪವೇ ಇರಲಿಲ್ಲ. ತಂಜಾವೂರಿನ ಒಪ್ಪಂದ ಕಾಗದದಲ್ಲೇ ಉಳಿಯಿತು.

ಮೇಲುಕೋಟೆಯ ಮಾಸದ ನೆನಪು

ತಿರುಮಲರಾವ್ ಅವರ ಸಂಧಾನದ ಬೆಲೆಯನ್ನು ಅವರ ಬಂಧುಗಳು ತೆತ್ತರೆಂಬ ನಂಬಿಕೆ ಮಂಡ್ಯ ಜಿಲ್ಲೆಯಲ್ಲಿ ಬಲವಾಗಿದೆ. ನರಕ ಚತುರ್ದಶಿಯ ದಿನ ಟಿಪ್ಪುವಿನ ಆಜ್ಞೆಯಂತೆ ತಮ್ಮ ಹಿರಿಯರ ಹತ್ಯೆಯಾಯಿತೆಂದು ಹೇಳುವ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ಆ ಹಬ್ಬವನ್ನು ಆಚರಿಸುವುದಿಲ್ಲ. ಘಟನೆಯ ಕಾಲ, ಸತ್ತವರ ಸಂಖ್ಯೆಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ದೀಪ ಹಚ್ಚದ ಆ ದೀಪಾವಳಿ ತಲೆಮಾರುಗಳಿಂದ ನಡೆದು ಬಂದಿದೆ.

ಮುಗಿಯದ ನಿರೀಕ್ಷೆ

ಸೋಲಿನ ಬಳಿಕವೂ ತಿರುಮಲರಾವ್ ಕೈಚೆಲ್ಲಲಿಲ್ಲ. ತಾಯ್ನಾಡಿಗೆ ಮರಳುವ ದಾರಿ ಮುಚ್ಚಿದ್ದರೂ ರಾಣಿಯ ಪರವಾಗಿ ಕಂಪನಿಯ ಅಧಿಕಾರಿಗಳೊಡನೆ ಸಂಪರ್ಕ ಉಳಿಸಿಕೊಂಡರು. ಮೂರನೇ ಮೈಸೂರು ಯುದ್ಧ ಹೊಸ ಆಸೆ ಹುಟ್ಟಿಸಿತು. ಆದರೆ 1792ರಲ್ಲಿ ಕಾರ್ನ್‌ವಾಲಿಸ್ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿ ದಂಡವನ್ನೂ ಪಡೆದು, ಟಿಪ್ಪುವನ್ನು ಅಧಿಕಾರದಲ್ಲೇ ಬಿಟ್ಟು ಹಿಂದಿರುಗಿದ. 1796ರಲ್ಲಿ ಖಾಸಾ ಚಾಮರಾಜ ಒಡೆಯರ್ ತೀರಿಕೊಂಡಾಗ ಟಿಪ್ಪು ಮತ್ತೊಬ್ಬ ಅರಸನನ್ನು ಕೂರಿಸಲೇ ಇಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡಿತು, ಟಿಪ್ಪು ಹೋರಾಡುತ್ತಲೇ ಮಡಿದ. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ರಾಣಿ ಲಕ್ಷ್ಮಮ್ಮಣ್ಣಿಯವರ ಮೂರು ದಶಕಗಳ ತಪಸ್ಸು ಫಲಿಸಿತು. ದೂರದಲ್ಲಿ ಕಾದಿದ್ದ ರಾಯಭಾರಿಗೂ ಅದೇ ದಿನಕ್ಕಾಗಿ ನಿರೀಕ್ಷೆ.

ಆದರೆ ಕಂಪನಿಯ ಲೆಕ್ಕಾಚಾರ ಬೇರೆಯಿತ್ತು. ಹೊಸ ಸಂಸ್ಥಾನದಿಂದ ವರ್ಷಕ್ಕೆ 7 ಲಕ್ಷ ಪಗೋಡಗಳ ಪೊಗದಿ ತಪ್ಪದೆ ಬರಬೇಕಿತ್ತು. ಅದಕ್ಕೆ ಕಂದಾಯದ ಒಳಹೊರಗು ಬಲ್ಲವರು ಬೇಕಿದ್ದರು. ಹೈದರ್ ಮತ್ತು ಟಿಪ್ಪು ಇಬ್ಬರ ಬಳಿಯೂ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯನವರನ್ನೇ ಇಂಗ್ಲಿಷರು ದಿವಾನರನ್ನಾಗಿ ಆರಿಸಿದರು. ಒಡೆಯರಿಗಾಗಿ ಮನೆಮಾರು ತೊರೆದವರು ಹೊರಗುಳಿದರು, ಒಡೆಯರ ಎದುರಾಳಿಗಳ ಸೇವೆಯಲ್ಲಿದ್ದವರು ಅಧಿಕಾರಕ್ಕೆ ಬಂದರು. ಪೂರ್ಣಯ್ಯನವರ ದಕ್ಷತೆ ಪ್ರಶ್ನಾತೀತ. 1811ರವರೆಗೆ ಅವರು ಆಡಳಿತ ನಡೆಸಿ ಬೊಕ್ಕಸವನ್ನು ತುಂಬಿದರು. ಆದರೂ 1782ರ ಭರವಸೆಯ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ.

ವಂಶಪಾರಂಪರ್ಯ ಪ್ರಧಾನಗಿರಿ ತಿರುಮಲರಾವ್ ಅವರ ಮನೆತನಕ್ಕೆ ಬರಲೇ ಇಲ್ಲ. ಮೈಸೂರಿಗಾಗಿ ಮೊದಲು ಸಹಿ ಹಾಕಿದ ಕೈಗೆ ಮರಳಿ ಬಂದ ಮೈಸೂರಿನಲ್ಲಿ ಅಧಿಕಾರದ ಮುದ್ರೆ ಸಿಗಲಿಲ್ಲ. ಸಂಸ್ಥಾನದ ಪುನರ್‌ಸ್ಥಾಪನೆಯ ಕಥೆಯನ್ನು ರಣರಂಗದಿಂದ ಮಾತ್ರ ಹೇಳುವಾಗ ಬಿಟ್ಟುಹೋಗುವ ಅಧ್ಯಾಯವಿದು.