ಇಡಿಯಿಂದ ಬಿಡಿಗೆ, ಬಿಡಿಯಿಂದ ಇಡಿಗೆ: ಇಂಜಿನಿಯರ್ ವಿಶ್ವೇಶ್ವರಯ್ಯ

ಮಕ್ಕಳೇ, ಬಂಗಾರಪೇಟೆಯ ಕಡೆ ನಡೆದ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡು ತಂಡಗಳು ಅಣೆಕಟ್ಟಿನ ಮಾದರಿ ಮಾಡಿಕೊಂಡು ಬಂದಿದ್ದವು. ಮೊದಲ ತಂಡದವರು ದೊಡ್ಡ ಹಾಳೆಯ ಮೇಲೆ ಇಡೀ ಅಣೆಕಟ್ಟಿನ ಚಿತ್ರ ಬರೆದುಕೊಂಡು, ಅದರಂತೆಯೇ ಮಾದರಿ ಕಟ್ಟಿದ್ದರು. ನೋಡಲು ಬಲು ಸೊಗಸಾಗಿತ್ತು. ಆದರೆ ನೀರು ತುಂಬಿಸಿದ ಐದೇ ನಿಮಿಷಕ್ಕೆ ಅದರ ರಟ್ಟಿನ ಬಾಗಿಲು ನೆನೆದು ಮುದ್ದೆಯಾಯಿತು. ಆ ಬಾಗಿಲನ್ನು ಅವರು ಅದಕ್ಕೆ ಮೊದಲು ಒಮ್ಮೆಯೂ ನೀರಿನಲ್ಲಿಟ್ಟು ನೋಡಿರಲಿಲ್ಲ.

ಎರಡನೇ ತಂಡದವರು ಬಾಗಿಲು, ಕೊಳವೆ, ಪುಟ್ಟ ಚಕ್ರ ಎಲ್ಲವನ್ನೂ ಒಂದೊಂದಾಗಿ ಮಾಡಿ, ಪರೀಕ್ಷಿಸಿ ತಂದಿದ್ದರು. ಪ್ರತಿಯೊಂದೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಜೋಡಿಸಲು ಹೋದಾಗ ಕೊಳವೆ ಬಾಗಿಲಿಗಿಂತ ದಪ್ಪವಾಗಿತ್ತು, ಚಕ್ರ ನೀರು ಬೀಳುವ ಜಾಗಕ್ಕಿಂತ ಎತ್ತರದಲ್ಲಿತ್ತು. ಪಾಪ, ಆ ಮಕ್ಕಳ ಮುಖ ಬಾಡಿಹೋಯಿತು.

ಮೊದಲ ತಂಡದವರು ಇಡಿಯಿಂದ ಬಿಡಿಗೆ ಇಳಿದವರು. ಎಂದರೆ ಮೊದಲು ಪೂರ್ತಿ ಕೆಲಸವನ್ನು ಮನಸ್ಸಿನಲ್ಲಿ ಕಂಡು, ನಂತರ ಅದನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆದುಕೊಂಡವರು. ಎರಡನೇ ತಂಡದವರು ಬಿಡಿಯಿಂದ ಇಡಿಗೆ ಏರಿದವರು. ಎಂದರೆ ಮೊದಲು ಸಣ್ಣ ಭಾಗಗಳನ್ನು ಸರಿಯಾಗಿ ಮಾಡಿ, ಆಮೇಲೆ ಅವುಗಳನ್ನು ಜೋಡಿಸಲು ಹೊರಟವರು. ಎರಡೂ ಒಳ್ಳೆಯ ದಾರಿಗಳೇ. ಆದರೆ ಒಂದೇ ದಾರಿಯನ್ನು ನಂಬಿದ್ದರಿಂದ ಎರಡೂ ಮಾದರಿಗಳು ಸೋತವು.

ಈ ಎರಡೂ ದಾರಿಗಳಲ್ಲಿ ನಡೆದ ಮಹಾನ್ ಇಂಜಿನಿಯರ್ ಒಬ್ಬರು ನಮ್ಮ ಕಡೆಯವರೇ. ಅವರೇ ಸರ್ ಎಂ. ವಿಶ್ವೇಶ್ವರಯ್ಯ.

ಕೆರೆಗಳ ನಾಡಿನ ಹುಡುಗ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, 1860ರ ಸೆಪ್ಟೆಂಬರ್ 15ರಂದು. ಕೆಲವು ಪುಸ್ತಕಗಳಲ್ಲಿ 1861 ಎಂದೂ ಇದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೂ ಆ ಊರು ಕೋಲಾರ ಜಿಲ್ಲೆಗೆ ಸೇರಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ಹಣವಿರಲಿಲ್ಲ. ಬಾಲಕ ಇನ್ನೂ ಶಾಲೆಯಲ್ಲಿದ್ದಾಗಲೇ ತಂದೆ ತೀರಿಕೊಂಡರು.

ನಮ್ಮ ನಾಡನ್ನು ಒಮ್ಮೆ ನೆನೆಸಿಕೊಳ್ಳಿ. ವರ್ಷವಿಡೀ ತುಂಬಿ ಹರಿಯುವ ನದಿ ಇಲ್ಲಿಲ್ಲ. ಅದಕ್ಕೇ ನಮ್ಮ ಹಿರಿಯರು ಊರಿಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ ಸೇರುತ್ತದೆ. ಅದು ತುಂಬಿದರೆ ಮುಂದಿನದಕ್ಕೆ. ಈ ಕೆರೆಗಳ ಸರಪಳಿಯನ್ನು ಯಾರೋ ಒಬ್ಬರು ಒಂದೇ ನಕ್ಷೆಯಲ್ಲಿ ಬರೆದು ಕಟ್ಟಿಸಲಿಲ್ಲ. ಎಷ್ಟೋ ತಲೆಮಾರುಗಳ ಜನ ಒಂದೊಂದೇ ಕೆರೆ ಸೇರಿಸುತ್ತಾ ಹೋದರು. ಬಿಡಿಯಿಂದ ಇಡಿಗೆ ಬೆಳೆದ ಏರ್ಪಾಡು ಇದು. ಇಂಥ ನಾಡಿನಲ್ಲಿ ಬೆಳೆದ ಹುಡುಗ ಮುಂದೆ ತನ್ನ ಆಯುಷ್ಯದ ಬಹುಪಾಲನ್ನು ನೀರಿನ ಕೆಲಸಕ್ಕೇ ಕೊಟ್ಟ.

ಚಿಕ್ಕಬಳ್ಳಾಪುರದ ಓದು ಮುಗಿಸಿ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. ಮಕ್ಕಳಿಗೆ ಮನೆಪಾಠ ಹೇಳಿ ಖರ್ಚಿಗೆ ಹಣ ಹೊಂದಿಸಿಕೊಂಡರು. 1881ರಲ್ಲಿ ಬಿ.ಎ. ಪಾಸಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಒಂದು ಬಾಗಿಲಿನ ಕಥೆ

ಪುಣೆ ನಗರದ ಹತ್ತಿರ ಖಡಕ್‌ವಾಸ್ಲಾ ಎಂಬ ಜಲಾಶಯವಿದೆ. ಮಳೆಗಾಲದಲ್ಲಿ ಅದು ತುಂಬಿ, ಹೆಚ್ಚಿನ ನೀರು ಕೋಡಿಯ ಮೇಲೆ ಹರಿದುಹೋಗುತ್ತಿತ್ತು. ಬೇಸಿಗೆ ಬಂದಾಗ ಅದೇ ನೀರು ಬೇಕೆನಿಸುತ್ತಿತ್ತು. ಕಲ್ಲಿನ ಕಟ್ಟೆಯನ್ನೇ ಎತ್ತರಿಸೋಣವೆಂದರೆ ಅದು ದೊಡ್ಡ ಖರ್ಚಿನ, ಅಪಾಯದ ಕೆಲಸ.

ವಿಶ್ವೇಶ್ವರಯ್ಯನವರು ಕಟ್ಟೆಯನ್ನು ಮುಟ್ಟಲಿಲ್ಲ. ನೀರು ಹೊರಹೋಗುವ ಜಾಗಕ್ಕೆ ಹೊಸ ಬಗೆಯ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟುವವರೆಗೆ ಬಾಗಿಲು ಮುಚ್ಚಿರುತ್ತಿತ್ತು. ಆ ಮಟ್ಟ ದಾಟಿದೊಡನೆ ನೀರಿನದೇ ಬಲದಿಂದ ತಾನಾಗಿ ತೆರೆದುಕೊಳ್ಳುತ್ತಿತ್ತು. ಪ್ರವಾಹ ಇಳಿದರೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ನಡುರಾತ್ರಿ ಮಳೆ ಬಂದರೂ ಯಾರೂ ಓಡಿಬಂದು ಬಾಗಿಲು ಎತ್ತಬೇಕಿರಲಿಲ್ಲ. 1903ರಲ್ಲಿ ಈ ಬಾಗಿಲುಗಳನ್ನು ಅಲ್ಲಿ ಅಳವಡಿಸಲಾಯಿತು. ಕಟ್ಟೆ ಇದ್ದಷ್ಟೇ ಎತ್ತರವಿದ್ದರೂ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲಿಸಲು ಸಾಧ್ಯವಾಯಿತು.

ಒಂದು ಬಿಡಿಭಾಗವನ್ನು ಸರಿಯಾಗಿ ಮಾಡಿ, ನಿಜವಾದ ಪ್ರವಾಹದಲ್ಲಿ ಅದನ್ನು ಪರೀಕ್ಷಿಸಿದ್ದಾಯಿತು. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ. ಅದು ಕಥೆಯಲ್ಲಿ ಮತ್ತೆ ಬರುತ್ತದೆ.

ಇಡೀ ನದಿಯನ್ನು ನೋಡಿದ ಕಣ್ಣು

1908ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ನಗರದ ನಡುವೆ ಹರಿಯುವ ಮೂಸಿ ನದಿ ಉಕ್ಕಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಮನೆಗಳು, ಸೇತುವೆಗಳು ಕೊಚ್ಚಿಹೋದವು. ಮುಂಬಯಿ ಸರ್ಕಾರದ ಕೆಲಸದಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಹೈದರಾಬಾದಿನ ನಿಜಾಮರ ಸರ್ಕಾರ ಸಲಹೆಗಾಗಿ ಕರೆಸಿಕೊಂಡಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಗರದೊಳಗೆ ನದಿಯ ಎರಡೂ ದಡಗಳಲ್ಲಿ ಎತ್ತರದ ಗೋಡೆ ಕಟ್ಟುತ್ತಿದ್ದಿರಾ? ವಿಶ್ವೇಶ್ವರಯ್ಯನವರು ನಗರವೊಂದನ್ನೇ ನೋಡಲಿಲ್ಲ, ಇಡೀ ನದಿಯನ್ನು ನೋಡಿದರು. ಮಳೆ ಎಲ್ಲಿ ಬೀಳುತ್ತದೆ, ಎಷ್ಟು ಬೀಳುತ್ತದೆ, ಆ ನೀರು ಯಾವ ಹಳ್ಳಗಳಿಂದ ನದಿಗೆ ಬರುತ್ತದೆ ಎಂದು ಲೆಕ್ಕ ಹಾಕಿದರು. ಪ್ರವಾಹವನ್ನು ನಗರ ತಲುಪುವ ಮೊದಲೇ ತಡೆಯಲು ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂದು ವರದಿ ಕೊಟ್ಟರು. ಅದರ ಫಲವಾಗಿ 1920ರ ದಶಕದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಬಳಕೆಗೆ ಬಂದವು. ನಗರಕ್ಕೆ ಪ್ರವಾಹದಿಂದ ರಕ್ಷಣೆಯೂ ಸಿಕ್ಕಿತು, ಕುಡಿಯುವ ನೀರೂ ಸಿಕ್ಕಿತು.

ಇದು ಇಡಿಯಿಂದ ಬಿಡಿಗೆ ಇಳಿಯುವ ದಾರಿ.

ಚಿನ್ನದ ಗಣಿಯಿಂದ ಕನ್ನಂಬಾಡಿಗೆ

ಈಗ ನಮ್ಮ ಕೋಲಾರ ಚಿನ್ನದ ಗಣಿಗೆ, ಅಂದರೆ ಕೆ.ಜಿ.ಎಫ್.ಗೆ ಬರೋಣ. ಗಣಿ ಆಳಕ್ಕೆ ಇಳಿದಷ್ಟೂ ಹೆಚ್ಚು ಶಕ್ತಿ ಬೇಕು. ಜನರನ್ನು ಇಳಿಸಿ ಹತ್ತಿಸಲು, ಒಳಗೆ ಸೇರುವ ನೀರನ್ನು ಮೇಲೆತ್ತಲು, ಅದಿರನ್ನು ಪುಡಿಮಾಡಲು ಯಂತ್ರಗಳು ಓಡಬೇಕು. ಕಾವೇರಿ ನದಿ ಶಿವನಸಮುದ್ರದಲ್ಲಿ ಧುಮುಕುವ ಜಾಗದಲ್ಲಿ ವಿದ್ಯುತ್ ತಯಾರಿಸಿ, ಸುಮಾರು 147 ಕಿ.ಮೀ. ಉದ್ದದ ತಂತಿಯ ಮೂಲಕ 1902ರಲ್ಲಿ ಕೆ.ಜಿ.ಎಫ್.ಗೆ ತರಲಾಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಅದಕ್ಕೂ ಮೂರು ವರ್ಷದ ನಂತರ, 1905ರಲ್ಲಿ!

ಆದರೆ ಒಂದು ತೊಂದರೆಯಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ನೀರು ಕಡಿಮೆಯಾದರೆ ವಿದ್ಯುತ್ತೂ ಕಡಿಮೆ. ಗಣಿಗಳು ಕೇಳುವ ವಿದ್ಯುತ್ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು.

ವಿಶ್ವೇಶ್ವರಯ್ಯನವರು 1909ರ ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿ ಬಂದರು. ಅವರ ಯೋಚನೆಯನ್ನು ನಾವು ಮೆಟ್ಟಿಲಿಳಿದ ಹಾಗೆ ಹೀಗೆ ಬರೆದುಕೊಳ್ಳಬಹುದು. ಗಣಿಗೆ ವರ್ಷವಿಡೀ ವಿದ್ಯುತ್ ಬೇಕು. ಅದಕ್ಕೆ ಏನು ಬೇಕು? ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮನೆ ನೀರು. ಅದಕ್ಕೆ ಏನು ಬೇಕು? ಮಳೆಗಾಲದ ನೀರನ್ನು ಮೇಲ್ಭಾಗದಲ್ಲಿ ಹಿಡಿದಿಡುವ ಜಲಾಶಯ. ಎಲ್ಲಿ? ಮೈಸೂರಿನ ಹತ್ತಿರ ಕನ್ನಂಬಾಡಿಯಲ್ಲಿ. ಅಷ್ಟು ನೀರು ಹಿಡಿದಿಟ್ಟ ಮೇಲೆ ಕಾಲುವೆ ತೋಡಿ ಒಣಭೂಮಿಗೂ ನೀರು ಕೊಡಬಹುದಲ್ಲವೆ? ಹೀಗೆ ಒಂದು ಅಣೆಕಟ್ಟು ಎರಡು ಕೆಲಸ ಮಾಡುವಂತೆ ಯೋಜನೆ ಸಿದ್ಧವಾಯಿತು.

ಖರ್ಚು ಬಹಳವೆಂದು ಅನುಮಾನಿಸಿದವರಿದ್ದರು. ಕೆಳಗಿನ ನೀರು ಕಡಿಮೆಯಾದೀತೆಂದು ಮದ್ರಾಸ್ ಸರ್ಕಾರ ಆಕ್ಷೇಪಿಸಿತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ದೊರೆತು 1911ರಲ್ಲಿ ಕೆಲಸ ಆರಂಭವಾಯಿತು. ಮೊದಲ ಹಂತದಲ್ಲಿ ಕಟ್ಟೆಯ ಎತ್ತರ ಕಡಿಮೆ. ಆದರೆ ಅಡಿಪಾಯವನ್ನು ಮಾತ್ರ ಮುಂದೆ ಏರಲಿದ್ದ ಪೂರ್ಣ ಎತ್ತರದ ಕಟ್ಟೆಗೆ ತಕ್ಕಂತೆ ಹಾಕಲಾಯಿತು. ಇಡಿಯನ್ನು ಮೊದಲೇ ಕಂಡವರಿಗೆ ಮಾತ್ರ ಹೀಗೆ ಮಾಡಲು ಸಾಧ್ಯ.

ಎರಡು ದಾರಿ ಸೇರಿದ ಜಾಗ

ನಕ್ಷೆ ಎಷ್ಟೇ ದೊಡ್ಡದಿರಲಿ, ಅಣೆಕಟ್ಟು ನಿಲ್ಲುವುದು ಕಲ್ಲು ಮತ್ತು ಗಾರೆಯ ಮೇಲೆ. ಕಟ್ಟಡಕ್ಕೆ ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಲಾಯಿತು. ಎರಡೂವರೆ ಕಿ.ಮೀ.ಗೂ ಉದ್ದವಾದ ಕಟ್ಟೆಯನ್ನು ಸಾವಿರಾರು ಕೂಲಿಕಾರರು ಕಲ್ಲಿನ ಮೇಲೆ ಕಲ್ಲಿಟ್ಟು ಏರಿಸಿದರು. ಮಲೇರಿಯಾ ಕಾಡಿತು, ಪ್ರವಾಹ ಬಂತು. ಆದರೂ ಕೆಲಸ ನಿಲ್ಲಲಿಲ್ಲ.

ಹೆಚ್ಚಿನ ನೀರನ್ನು ಹೊರಬಿಡಲು ಬಾಗಿಲುಗಳು ಬೇಕಾದವು. ಯಾವ ಬಾಗಿಲುಗಳು? ಹೌದು, ನೀವು ಊಹಿಸಿದ್ದು ಸರಿ. ಖಡಕ್‌ವಾಸ್ಲಾದಲ್ಲಿ ಪರೀಕ್ಷೆಗೊಂಡು ಗೆದ್ದಿದ್ದ, ತಾನಾಗಿ ತೆರೆದು ಮುಚ್ಚುವ ಬಾಗಿಲುಗಳು ಕನ್ನಂಬಾಡಿಗೂ ಬಂದವು. ಗಣಿಯ ಅಗತ್ಯದಿಂದ ಹೊರಟು ಮೆಟ್ಟಿಲಿಳಿದು ಬಂದ ಯೋಜನೆಯೂ, ಒಂದು ಬಾಗಿಲಿನಿಂದ ಹೊರಟು ಮೆಟ್ಟಿಲೇರಿ ಬಂದ ಅನುಭವವೂ ಈ ಕಟ್ಟೆಯ ಮೇಲೆ ಒಂದನ್ನೊಂದು ಸಂಧಿಸಿದವು.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅವರ ಕಾಲದಲ್ಲೇ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದವು. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ನಮ್ಮ ಬಂಗಾರಪೇಟೆಯಿಂದ ಕೋಲಾರಕ್ಕೆ ಪುಟ್ಟ ರೈಲು ಓಡತೊಡಗಿದ್ದೂ 1913ರಲ್ಲೇ. ಅಣೆಕಟ್ಟೆಯ ಕೆಲಸ ಪೂರ್ತಿ ಮುಗಿದದ್ದು ಅವರು ಹುದ್ದೆ ಬಿಟ್ಟ ಎಷ್ಟೋ ವರ್ಷಗಳ ಮೇಲೆ. ಅದೇ ಕೃಷ್ಣರಾಜಸಾಗರ. ಮಂಡ್ಯದ ಬಯಲಿಗೆ ನೀರೊಯ್ಯುವ ಕಾಲುವೆಗೆ ಈಗ ವಿಶ್ವೇಶ್ವರಯ್ಯನವರ ಹೆಸರೇ ಇದೆ.

ಕಾಣದೆ ಉಳಿಯಬಾರದ ಮಾತು

ಜಲಾಶಯ ತುಂಬಿದಾಗ ಕನ್ನಂಬಾಡಿಯೂ ಸೇರಿದಂತೆ ಹಲವು ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಅಲ್ಲಿನ ಜನ ಹುಟ್ಟಿದ ಮನೆ, ಉತ್ತ ಹೊಲ, ಪೂಜಿಸಿದ ಗುಡಿ ಬಿಟ್ಟು ಹೋಗಬೇಕಾಯಿತು. ಮೇಲಿನಿಂದ ನೋಡುವ ನಕ್ಷೆಯಲ್ಲಿ ಒಂದು ಹಳ್ಳಿ ಸಣ್ಣ ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿ ಬಾಳುವವರಿಗೆ ಅದೇ ಇಡೀ ಜಗತ್ತು. ಆದ್ದರಿಂದ ದೊಡ್ಡ ಯೋಜನೆ ಮಾಡುವವರು ಕೆಳಗಿಳಿದು ಬಂದು ಆ ಚುಕ್ಕೆಯ ಬಳಿ ನಿಂತೂ ನೋಡಬೇಕು. ಮುಂದೆ ಇಂಜಿನಿಯರ್ ಆಗುವ ಆಸೆಯುಳ್ಳ ನೀವು ಇದನ್ನು ಮರೆಯಬೇಡಿ.

ವಿಶ್ವೇಶ್ವರಯ್ಯನವರು ಮುಂದೆ ದೇಶದ ಬಗ್ಗೆಯೂ ಇದೇ ರೀತಿ ಎರಡು ಕಡೆಯಿಂದ ಯೋಚಿಸಿದರು. 1934ರಲ್ಲಿ ಭಾರತದ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದರು. ಅದು ಇಡೀ ದೇಶಕ್ಕೆ ಹಾಕಿದ ಲೆಕ್ಕ. ಇಳಿವಯಸ್ಸಿನಲ್ಲಿ ಹಳ್ಳಿಗಳ ಗುಂಪುಗಳಿಂದಲೇ ಆರಂಭವಾಗಬೇಕಾದ ಗ್ರಾಮೀಣ ಕೈಗಾರಿಕೆಗಳ ಯೋಜನೆ ರೂಪಿಸಿದರು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಬಂತು. ನೂರು ವರ್ಷ ದಾಟಿ ಬಾಳಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನವಾದ ಸೆಪ್ಟೆಂಬರ್ 15ನ್ನು ನಾವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ.

ಕೆ.ಜಿ.ಎಫ್.ನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಆ ಗಣಿಗಳ ಅಗತ್ಯವೂ ಕಾರಣವಾಗಿ ಹುಟ್ಟಿದ ಜಲಾಶಯ ಇಂದಿಗೂ ಹೊಲಗಳಿಗೆ ನೀರು ಕೊಡುತ್ತಿದೆ.

ಮಾಡಿ ನೋಡಿ

ನಿಮ್ಮ ತರಗತಿಯಲ್ಲಿ ಎರಡು ತಂಡ ಮಾಡಿಕೊಳ್ಳಿ. ಶಾಲೆಯ ಕೈತೋಟಕ್ಕೆ ನೀರು ಹಾಯಿಸುವ ಏರ್ಪಾಡು ಮಾಡಬೇಕು. ಮೊದಲ ತಂಡ ಇಡೀ ಕೈತೋಟದ ನಕ್ಷೆ ಬರೆದು, ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಗುರುತಿಸಲಿ. ಎರಡನೇ ತಂಡ ಹಳೆಯ ಪ್ಲಾಸ್ಟಿಕ್ ಬಾಟಲಿ, ಕೊಳವೆಯ ತುಂಡುಗಳಿಂದ ಒಂದು ಗಿಡಕ್ಕೆ ಹನಿಹನಿಯಾಗಿ ನೀರು ಬೀಳುವಂತೆ ಮಾಡಿ ಪರೀಕ್ಷಿಸಲಿ. ಒಂದು ವಾರದ ನಂತರ ಎರಡೂ ತಂಡಗಳು ಒಟ್ಟಿಗೆ ಕುಳಿತು ನಕ್ಷೆಯನ್ನೂ ಬಾಟಲಿಯನ್ನೂ ಹೊಂದಿಸಿ. ನಕ್ಷೆಯಲ್ಲಿ ಏನನ್ನು ಬದಲಿಸಬೇಕಾಯಿತು? ಬಾಟಲಿಯಲ್ಲಿ ಏನನ್ನು ಬದಲಿಸಬೇಕಾಯಿತು? ನೋಟ್ ಪುಸ್ತಕದಲ್ಲಿ ಬರೆದಿಡಿ.

ಹಾಗೆಯೇ ನಿಮ್ಮ ಊರಿನ ಕೆರೆಗೆ ನೀರು ಯಾವ ಕಡೆಯಿಂದ ಬರುತ್ತದೆ, ಕೋಡಿ ಬಿದ್ದ ನೀರು ಯಾವ ಊರಿನ ಕೆರೆಗೆ ಹೋಗುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.